5 ದಿನ, 2 ಬೈಕು, 3 ಜನ: ಶಿರಾಡಿ ಇಳಿಯೋದಾ, ಆಗುಂಬೆ ಇಳಿಯೋದಾ?

ಕ್ಲಾಸಿಕ್ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈಗ ಕೇಳುವ ಸರದಿ ನನ್ನದು.

ಅಕ್ಟೋಬರ್ ಮೂರನೇ ವಾರ ಐದು ದಿನ ರಜೆ ಹೊಂದಿಸಿಕೊಂಡಿದ್ದೇವೆ. ನಾನು ಮತ್ತು ಹೆಂಡತಿ ಒಂದು ಗಾಡಿಯಲ್ಲಿ, 2017ರ ಕ್ಲಾಸಿಕ್ 350. ಅವಳ ತಮ್ಮ ಇನ್ನೊಂದರಲ್ಲಿ, ಪಲ್ಸರ್ 150. ಭಾಮೈದನಿಗೆ ಲೈಸೆನ್ಸ್ ಬಂದು ಒಂದು ವರ್ಷ ಆಗಿದೆ ಅಷ್ಟೇ. ನಂದಿ ಬೆಟ್ಟ ಮೂರು ಸಲ ಹತ್ತಿ ಇಳಿದಿದ್ದಾನೆ, ಅಷ್ಟಕ್ಕೇ "ಘಾಟಿ ಅಂದ್ರೆ ಏನು ಭಾವ, ನಂದಿಗಿಂತ ಸ್ವಲ್ಪ ಉದ್ದ, ಅಷ್ಟೇ ಅಲ್ವಾ" ಅನ್ನುತ್ತಾನೆ. ನನಗೆ ಅದೇ ಭಯ.

ಹಾಕಿಕೊಂಡಿರುವ ದಾರಿ ಹೀಗಿದೆ. ಮೊದಲ ದಿನ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಇಳಿದು ಮಂಗಳೂರು. ಎರಡನೇ ದಿನ ಹೆದ್ದಾರಿ ಹಿಡಿದು ಗೋಕರ್ಣ. ಮೂರನೇ ದಿನ ಕಾರವಾರ ನೋಡಿಕೊಂಡು ಅಣಶಿ ಘಾಟಿ ಹತ್ತಿ ದಾಂಡೇಲಿ. ನಾಲ್ಕನೇ ದಿನ ಯಲ್ಲಾಪುರ, ಶಿರಸಿ, ಜೋಗ, ಹಾಗೇ ಆಗುಂಬೆಗೆ ಬಂದು ಸೂರ್ಯಾಸ್ತ. ಐದನೇ ದಿನ ಮನೆ. ಒಟ್ಟು 1,400 ಕಿ.ಮೀ. ಆಸುಪಾಸು ಬರುತ್ತದೆ. ನಕ್ಷೆಯಲ್ಲಿ ನೋಡಿದರೆ ದಿನಕ್ಕೆ ಏಳೆಂಟು ಗಂಟೆ ತೋರಿಸುತ್ತಿದೆ, ಆಗಬಹುದು ಅನ್ನಿಸಿತು.

ಮೊದಲ ಸಲ ಘಟ್ಟ ಇಳಿಯುವವನಿಗೆ ಶಿರಾಡಿ ಒಳ್ಳೆಯದಾ, ಅಥವಾ ಶುರುವಿನಲ್ಲೇ ಆಗುಂಬೆ ಇಳಿಯೋದಾ? ಅಕ್ಟೋಬರಿನಲ್ಲಿ ಮಳೆ ಇರುತ್ತದಾ? ಹೆಂಡತಿಗೆ ಸ್ವಲ್ಪ ಬೆನ್ನುನೋವು ಇದೆ, ಅದನ್ನೂ ಗಮನದಲ್ಲಿ ಇಟ್ಟುಕೊಂಡು ಹೇಳಿ. ಬೈಯುವುದಿದ್ದರೂ ಬೈಯಿರಿ, ಪರವಾಗಿಲ್ಲ.

---

ಕುಂದಾಪ್ರದ ಗಾಳಿ

ಬೈಯುವುದಿಲ್ಲ ಮಾರಾಯ್ರೆ, ಆದರೆ ಇದು ಪ್ರವಾಸ ಅಲ್ಲ, ಕೊರಿಯರ್ ಡ್ಯೂಟಿ. ಐದು ದಿನದಲ್ಲಿ 1,400 ಕಿ.ಮೀ. ಓಡಿಸಿ ನೀವು ನೋಡುವುದು ಎಂತ? ಮುಂದಿನ ಲಾರಿಯ ನಂಬರ್ ಪ್ಲೇಟ್.

ಶಿರಾಡಿ ಅಂದರೆ ಮಂಗಳೂರಿಗೆ ಹೋಗಿ ಸೇರುವ ದಾರಿ, ಅಷ್ಟೇ. ಬಂದರಿಗೆ ಹೋಗುವ ಲಾರಿ, ಗ್ಯಾಸ್ ಟ್ಯಾಂಕರ್, ರಾತ್ರಿ ಬಸ್ಸು ಎಲ್ಲ ಅದರಲ್ಲೇ. ಜೊತೆಗೆ ರಸ್ತೆ ಅಗಲ ಮಾಡುವ ಕೆಲಸ. ಕಾಡು ಚೆಂದ ಇದೆ, ಆದರೆ ಟ್ಯಾಂಕರಿನ ಹಿಂದೆ ಹೊಗೆ ಕುಡಿಯುತ್ತಾ ಹೋಗುವವನಿಗೆ ಕಾಡು ಕಾಣುವುದಿಲ್ಲ. ಆಗುಂಬೆಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ಬಸ್ಸು ಕೂಡ ಮಿನಿ ಬಸ್ಸೇ. 14 ಹೇರ್‌ಪಿನ್ ತಿರುವು ಇದೆ, ಕಡಿದಾಗಿದೆ, ಆದರೆ ಇಳಿಯುವ ಭಾಗ ಹತ್ತು ಕಿ.ಮೀ. ಒಳಗೆ ಮುಗಿದು ಸೋಮೇಶ್ವರ ಬಂದುಬಿಡುತ್ತದೆ. ಹೊಸಬನಿಗೆ ನನ್ನ ಪ್ರಕಾರ ಅದೇ ವಾಸಿ. ಬೆಳಿಗ್ಗೆ ಇಳಿಯಲಿ, ನಿಧಾನ ಇಳಿಯಲಿ. ಮಂಗ ಇರುತ್ತವೆ, ಬಾಳೆಹಣ್ಣು ಬ್ಯಾಗಿನ ಹೊರಗೆ ಕಟ್ಟಿಕೊಂಡು ಬರಬೇಡಿ. ನಿಲ್ಲಿಸಿ ತಿನ್ನಿಸುವುದಂತೂ ಬೇಡವೇ ಬೇಡ, ಹಾಗೆ ತಿನ್ನಿಸಿಯೇ ಅವು ಗಾಡಿ ಮೇಲೆ ಹಾರುವುದನ್ನು ಕಲಿತಿವೆ.

ಇನ್ನು ಸಮುದ್ರದ ವಿಷಯ. ಹೊರಗಿನಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 66 ಅಂದರೆ ಉದ್ದಕ್ಕೂ ಕಡಲ ತಡಿ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಮಂಗಳೂರಿನಿಂದ ಕುಂದಾಪುರದವರೆಗೆ ಹೆದ್ದಾರಿಯಲ್ಲೇ ಹೋದರೆ ನಿಮಗೆ ಕಾಣುವುದು ಫ್ಲೈಓವರ್, ಸರ್ವೀಸ್ ರಸ್ತೆ, ಕಲ್ಯಾಣ ಮಂಟಪ. ಕಡಲು ಹೆದ್ದಾರಿಗೇ ತಾಗಿಕೊಂಡು ಬರುವುದು ನಮ್ಮ ಮರವಂತೆಯಲ್ಲಿ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಚೆಂದವೇ, ಆದರೆ ಗಾಡಿಯಲ್ಲಿ ಎರಡು ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ. ಉಳಿದದ್ದಕ್ಕೆ ಒಳದಾರಿ ಹಿಡಿಯಬೇಕು.

ಉಡುಪಿಯಲ್ಲಿ ಒಂದು ರಾತ್ರಿ ಉಳಿಯಿರಿ. ಸಂಜೆ ಹೊತ್ತು ಸಿಕ್ಕಿದರೆ ತೆಂಕಕ್ಕೆ ಕಾಪುವಿಗೆ ಹೋಗಿ, ಬಂಡೆ ಮೇಲೆ 1901ರ ದೀಪಸ್ತಂಭ ಇದೆ. ಅಲ್ಲಿಂದ ವಾಪಸ್ಸು ಬರುವಾಗ ಹೆದ್ದಾರಿ ಬಿಟ್ಟು ಮಟ್ಟು, ಪಡುಕೆರೆ ಮೇಲೆ ಮಲ್ಪೆಗೆ ಬನ್ನಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಮಧ್ಯದಲ್ಲಿ ಒಂದು ಕಾರು ಬಂದರೆ ಇನ್ನೊಂದು ಬದಿಗೆ ಸರಿಯಬೇಕಾದಷ್ಟು ಸಣ್ಣ ರಸ್ತೆ, ಅಂಗಳದಲ್ಲಿ ಬಲೆ ಒಣಗುತ್ತಿರುತ್ತದೆ. ಮರವಂತೆಗಿಂತ ನನಗೆ ಇದೇ ಇಷ್ಟ (ಊರಿನವರು ಓದಿದರೆ ನನ್ನನ್ನು ಹೊಡೆಯುತ್ತಾರೆ). ಮರುದಿನ ಬಡಗಕ್ಕೆ ಕೆಮ್ಮಣ್ಣು, ಹೂಡೆ ಮೇಲೆ ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಬಾಯಿ ಅದು, ರಸ್ತೆ ಅಲ್ಲಿಗೇ ಮುಗಿಯುತ್ತದೆ. ಆಚೆ ಹಂಗಾರಕಟ್ಟೆ ಕಣ್ಣೆದುರೇ ಇದೆ. ಬಾರ್ಜ್ ನಡೆಯುತ್ತಿದ್ದರೆ ಬೈಕ್ ಹಾಕಿಕೊಂಡು ದಾಟಬಹುದು. ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು. ಮೊದಲು ಊರಿನವರನ್ನು ಕೇಳಿ, ಫೋನಿನ ನಕ್ಷೆಯನ್ನು ನಂಬಬೇಡಿ.

ಒಂದು ಎಚ್ಚರಿಕೆ. ಹೆದ್ದಾರಿಯಲ್ಲಿ ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ದಾರಿ ಬಿಡಿ. ಹಾರ್ನ್ ಕೇಳಿಸಿದ ತಕ್ಷಣ ಎಡಕ್ಕೆ ಹೋಗಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಯೂ ಟರ್ನ್ ದೂರ ಅಂತ ಎದುರಿನಿಂದ ರಾಂಗ್ ಸೈಡಿನಲ್ಲಿ ಸ್ಕೂಟರ್ ಬರುವುದಂತೂ ದಿನಾ ಇದ್ದದ್ದೇ. ಕತ್ತಲಾದ ಮೇಲೆ ದನಗಳು ಬಿಸಿ ಡಾಂಬರಿನ ಮೇಲೆ ಮಲಗಿರುತ್ತವೆ. ಏಳು ಗಂಟೆಗೆ ಗಾಡಿ ನಿಲ್ಲಿಸಿಬಿಡಿ.

ಊಟ ನಾನು ಹೇಳಬೇಕಾ? ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ರಾತ್ರಿ ನೀರ್ ದೋಸೆ ಕೋಳಿ ಸಾರು. ಕುಂದಾಪುರಕ್ಕೆ ಬಂದು ಚಿಕನ್ ಘೀ ರೋಸ್ಟ್ ತಿನ್ನದೆ ಹೋದರೆ ಮುಂದಿನ ಸಲ ಪ್ರಶ್ನೆ ಕೇಳಿದಾಗ ಉತ್ತರ ಕೊಡುವುದಿಲ್ಲ.

---

ಹಳೇ ಯೆಜ್ಡಿ

ಕುಂದಾಪ್ರದವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಆಗುಂಬೆ ಇಳಿಯಿರಿ. ವಾಪಸ್ಸು ಬರುವಾಗ ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆ ಘಾಟಿ ಹತ್ತಿ.

ನನಗೆ ಈಗ 61 ವರ್ಷ. ಘಟ್ಟ ಇಳಿದದ್ದು ಮೊದಲು ಯೆಜ್ಡಿಯಲ್ಲಿ, ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಟೂ ಸ್ಟ್ರೋಕ್ ಗಾಡಿಗೆ ಎಂಜಿನ್ ಬ್ರೇಕಿಂಗ್ ಅನ್ನುವುದು ಹೆಸರಿಗೆ ಮಾತ್ರ. ಅದಕ್ಕಿಂತ ದೊಡ್ಡ ತಲೆನೋವು ಅಂದರೆ ಎಂಜಿನ್‌ಗೆ ಆಯಿಲ್ ಹೋಗುವುದೇ ಪೆಟ್ರೋಲ್ ಜೊತೆಗೆ. ಆಕ್ಸಿಲರೇಟರ್ ಬಿಟ್ಟು ಉದ್ದಕ್ಕೂ ಇಳಿದರೆ ಪಿಸ್ಟನ್ ಒಣಗಿ ಸೀಜ್ ಆಗುವ ಭಯ, ಅದಕ್ಕೆ ಇಳಿಜಾರಿನಲ್ಲೂ ನಡುನಡುವೆ ರೇಸ್ ಕೊಟ್ಟುಕೊಂಡು ಇಳಿಯುತ್ತಿದ್ದೆವು. ನೋಡಿದವರು ಹುಚ್ಚ ಅಂದುಕೊಳ್ಳುತ್ತಿದ್ದರು. ನಿಮ್ಮ ಎರಡೂ ಗಾಡಿ ಫೋರ್ ಸ್ಟ್ರೋಕ್, ಆ ಕಷ್ಟ ಇಲ್ಲ. ಆದರೆ ಇರುವ ಸುಖವನ್ನು ಜನ ಬಳಸಿಕೊಳ್ಳುವುದಿಲ್ಲ, ಅದೇ ಬೇಜಾರು.

ಭಾಮೈದನಿಗೆ ಇಷ್ಟು ಹೇಳಿ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ಆಗುಂಬೆಗೆ ಎರಡನೇ ಗೇರು, ಕೆಲವು ತಿರುವಿಗೆ ಒಂದನೆಯದು. ಕ್ಲಚ್ ಹಿಡಿದುಕೊಂಡು ತಿರುವಿಗೆ ಹೋಗಬಾರದು. ಬ್ರೇಕನ್ನು ತಿರುವಿಗೆ ಮುಂಚೆ ನೇರ ಇರುವಾಗಲೇ ಹಿಡಿದು ಬಿಟ್ಟುಬಿಡಬೇಕು, ಗಾಡಿ ವಾಲಿದ ಮೇಲೆ ಮುಂದಿನ ಬ್ರೇಕ್ ಹಿಂಡಿದರೆ ಅಲ್ಲೇ ಮಲಗುತ್ತಾನೆ. ಪೆಟ್ರೋಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಸುವ ಬುದ್ಧಿವಂತರು ಇನ್ನೂ ಇದ್ದಾರೆ. ಹಾಗೆ ಇಳಿದರೆ ಭಾರ ಎಲ್ಲ ಬ್ರೇಕಿನ ಮೇಲೆ, ಅರ್ಧ ಘಾಟಿಗೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಉಳಿದ ಪೆಟ್ರೋಲು ಆಸ್ಪತ್ರೆಗೆ ಹೋಗುವ ಆಂಬುಲೆನ್ಸಿಗೆ ಸಾಲುವುದಿಲ್ಲ.

ಕಿರಿದಾದ ಕಡೆ ಹತ್ತಿ ಬರುವವರಿಗೆ ಮೊದಲ ದಾರಿ, ಇಳಿಯುವವನು ನಿಲ್ಲಬೇಕು. ಕಾನೂನೂ ಅದೇ, ಘಾಟಿ ಡ್ರೈವರುಗಳ ರೂಢಿಯೂ ಅದೇ. ಮಿನಿ ಬಸ್ಸು ಹೇರ್‌ಪಿನ್‌ನಲ್ಲಿ ಪೂರ್ತಿ ರಸ್ತೆ ತೆಗೆದುಕೊಂಡೇ ತಿರುಗುತ್ತದೆ. ಹಾರ್ನ್ ಕೇಳಿಸಿತು ಅಂದರೆ ಮೇಲೇ ನಿಂತು ಕಾಯಬೇಕು, ಸಂದಿಯಲ್ಲಿ ತೂರಬಾರದು. ತಿರುವಿನ ಒಳಮೈಯಲ್ಲಿ ಪಾಚಿ, ಡೀಸೆಲ್ ಚೆಲ್ಲಿದ್ದು ಇರುತ್ತದೆ, ಮೇಲಾಗಿ ಅಕ್ಟೋಬರಿನಲ್ಲಿ ಎಲೆ ಕೊಳೆತು ರಸ್ತೆ ಸೋಪು ಹಚ್ಚಿದ ಹಾಗಿರುತ್ತದೆ.

ಈಗ ದಾರಿ. ಮೊದಲ ದಿನ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರು, 250 ಕಿ.ಮೀ., ಸಾಕು. ಬೇಲೂರಿನಲ್ಲಿ ಒಂದು ಗಂಟೆ ಗುಡಿ ನೋಡಿ, ಬೆನ್ನಿಗೂ ವಿಶ್ರಾಂತಿ. ಎರಡನೇ ದಿನ ಆಲ್ದೂರು, ಬಾಳೆಹೊನ್ನೂರು, ಜಯಪುರ, ಶೃಂಗೇರಿ. ಬಾಳೆಹೊನ್ನೂರಿನಲ್ಲಿ ಭದ್ರೆ, ಶೃಂಗೇರಿಯಲ್ಲಿ ತುಂಗೆ, ಎರಡನ್ನೂ ಒಂದೇ ಬೆಳಿಗ್ಗೆ ದಾಟುತ್ತೀರಿ. ಇಡೀ ದಾರಿ ಕಾಫಿ ತೋಟ, ಅಡಿಕೆ ತೋಟ. ನನ್ನ ಕೇಳಿದರೆ ನಿಮ್ಮ ಪ್ರವಾಸದಲ್ಲಿ ಬೈಕ್ ಓಡಿಸುವುದಕ್ಕೇ ಅಂತ ಇರುವ ರಸ್ತೆ ಇದು, ಘಾಟಿಗಿಂತ ಹೆಚ್ಚು. ಅಲ್ಲಿಂದ ಆಗುಂಬೆ, ಹೆಬ್ರಿ, ಮಣಿಪಾಲ, ಉಡುಪಿ. ಮೂರನೇ ದಿನ ಕರಾವಳಿ, ಹೊನ್ನಾವರದವರೆಗೆ. ನಾಲ್ಕನೇ ದಿನ ಗೋಕರ್ಣಕ್ಕೆ ಹೋಗಿಬರುವುದೋ, ನೇರ ಜೋಗಕ್ಕೆ ಹತ್ತುವುದೋ ನಿಮಗೆ ಬಿಟ್ಟಿದ್ದು. ಐದನೇ ದಿನ ಸಾಗರದಿಂದ ಮನೆ.

ಹೊನ್ನಾವರದಿಂದ ಮನೆಗೆ ಬರುವ ದಾರಿ ಯಾವುದು ಗೊತ್ತಾ? ತುಮಕೂರಿನಲ್ಲೂ ಬಿ.ಹೆಚ್. ರಸ್ತೆ ಅನ್ನುತ್ತಾರೆ, ತಿಪಟೂರಿನಲ್ಲೂ ಬಿ.ಹೆಚ್. ರಸ್ತೆ, ಶಿವಮೊಗ್ಗ, ಸಾಗರದಲ್ಲೂ ಅದೇ. ಬೆಂಗಳೂರು–ಹೊನ್ನಾವರ ರಸ್ತೆ. ಇಷ್ಟು ವರ್ಷ ಆ ಬೋರ್ಡಿನ ಕೆಳಗೆ ದೋಸೆ ತಿಂದವರು ಎಷ್ಟೋ ಜನ, "ಹೆಚ್" ಅಂದರೆ ಏನು ಅಂತ ಕೇಳಿದವರು ಕಡಿಮೆ. ಒಮ್ಮೆ ಆ ಕೊನೆಯಿಂದ ಈ ಕೊನೆಗೆ ಓಡಿಸಿ ನೋಡಿ.

---

ಡಿಯೋ ಅಕ್ಕ

ಶಿರಸಿ ಕಡೆಯವಳು. ನನ್ನದು 110 ಸಿಸಿ ಸ್ಕೂಟರ್, ದೇವಿಮನೆ ಘಾಟಿಯಲ್ಲಿ ಕುಮಟಾಕ್ಕೆ ಎಷ್ಟು ಸಲ ಇಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಗೇರಿನ ಪಾಠ ಮೇಲಿನ ಹಿರಿಯರು ಹೇಳಿದ್ದಾರೆ. ಗಂಡಸರು ಯಾರೂ ಹೇಳದ ಕೆಲವು ನಾನು ಹೇಳುತ್ತೇನೆ.

ಹಿಂದೆ ಕೂತವರಿಗೆ ಘಾಟಿ ಇಳಿಯುವುದು ಓಡಿಸುವವರಿಗಿಂತ ಕಷ್ಟ. ಪ್ರತಿ ಬ್ರೇಕಿಗೂ ಮುಂದಕ್ಕೆ ಜಾರುತ್ತಾರೆ, ಜಾರದ ಹಾಗೆ ಬೆನ್ನು ಬಿಗಿ ಹಿಡಿಯುತ್ತಾರೆ, ಸಂಜೆಗೆ ಅದೇ ನೋವು. ನಿಮ್ಮ ಮನೆಯವರು ನಿಮ್ಮ ಭುಜ ಹಿಡಿದುಕೊಳ್ಳುವುದಕ್ಕಿಂತ ಟ್ಯಾಂಕಿನ ಮೇಲೆ ಕೈ ಊರಿಕೊಳ್ಳಲಿ, ಭಾರ ಕೈಗೆ ಹೋಗುತ್ತದೆ. ಒಂದೊಂದು ಗಂಟೆಗೆ ನಿಲ್ಲಿಸಿ. ಅವರು ಕೇಳುವವರೆಗೆ ಕಾಯಬೇಡಿ, ನಾವು ಕೇಳುವುದಿಲ್ಲ.

ಶೌಚಾಲಯ. ಇದನ್ನು ಯಾರ ಪ್ರವಾಸದ ಪಟ್ಟಿಯಲ್ಲೂ ನೋಡಿಲ್ಲ. ದೊಡ್ಡ ಪೆಟ್ರೋಲ್ ಬಂಕ್ ಕಂಡಲ್ಲಿ ಹೋಗಿಬಿಡಬೇಕು, ಘಾಟಿ ಶುರುವಾದ ಮೇಲೆ ಏನೂ ಇಲ್ಲ. ಕರಾವಳಿಯಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಗುರುತು) ಮಾನ್ಯತೆ ಬಂದಿದೆ, ಅಲ್ಲಿ ಸ್ನಾನಕ್ಕೆ, ಬಟ್ಟೆ ಬದಲಾಯಿಸುವುದಕ್ಕೆ ಜಾಗ ಇದೆ. ನೀರಿಗೆ ಇಳಿಯುವುದಿದ್ದರೆ ಅಂಥ ಕಡೆಯೇ ಇಳಿಯಿರಿ. ಯಾರೂ ಇಲ್ಲದ ಚೆಂದದ ತೀರ ಅಂತ ಹೋಗಿ ಇಳಿಯಬೇಡಿ. ಮಳೆಗಾಲ ಮುಗಿದ ಹೊಸತರಲ್ಲಿ ಅಲೆಯ ಸೆಳೆತ ಹೊರಗಿನವರಿಗೆ ಅಂದಾಜಿಗೆ ಸಿಗುವುದಿಲ್ಲ.

ಮಳೆ ಇರುತ್ತದೆ. ದಿನವಿಡೀ ಸುರಿಯುವುದು ಸೆಪ್ಟೆಂಬರಿಗೆ ಮುಗಿಯುತ್ತದೆ. ಅಕ್ಟೋಬರಿನದು ಬೇರೆ ಥರ. ಬೆಳಿಗ್ಗೆ ಬಿಸಿಲು ಕಾಯುತ್ತದೆ, ಮೂರು ಗಂಟೆ ಮೇಲೆ ಗುಡುಗು, ಮಿಂಚು, ಒಂದು ಗಂಟೆ ಜಡಿದು ಹೋಗುತ್ತದೆ. ಅದಕ್ಕೇ ಘಾಟಿ ಏನಿದ್ದರೂ ಊಟದ ಒಳಗೆ ಮುಗಿಸಿ. ಆಗುಂಬೆ ಸೂರ್ಯಾಸ್ತ ಅಂತ ಆಸೆ ಇಟ್ಟುಕೊಂಡು ಸಂಜೆ ಇಳಿಯುವ ಹಾಗೆ ಲೆಕ್ಕ ಹಾಕಬೇಡಿ. ಒಂದು ವೇಳೆ ಮೋಡ ಇಲ್ಲದೆ ಸೂರ್ಯ ಕಂಡರೂ ಆಮೇಲೆ ಕತ್ತಲಲ್ಲಿ 14 ತಿರುವು ಇಳಿಯಬೇಕಲ್ಲ, ಅದೂ ಹೊಸ ಹುಡುಗನ ಜೊತೆ.

ಕಾರವಾರ, ಅಣಶಿ ಈ ಸಲ ಬಿಡಿ. ಅಣಶಿ ಕಾಡು ನನಗೆ ಪ್ರಾಣ, ಆದರೆ ಅದಕ್ಕೇ ಎರಡು ದಿನ ಬೇಕು. ಈಗಂತೂ ನಮ್ಮ ಜಿಲ್ಲೆಯಲ್ಲಿ ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ ಕೇಳದೆ ಯಾರೂ ಹೊರಡುವುದಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಕುಸಿದದ್ದು, ಮುಂದಿನ ತಿಂಗಳು 7ಕ್ಕೆ ಕಾರವಾರದ ಹಳೇ ಕಾಳಿ ಸೇತುವೆ ಮುರಿದು ಬಿದ್ದದ್ದು ನೆನಪಿರಬಹುದು. ಶಿರೂರಿನಲ್ಲಿ ಗುಡ್ಡದ ಬುಡದಲ್ಲಿ ಚಾ ಅಂಗಡಿ ಇತ್ತು, ಎಷ್ಟೋ ಜನ ಗಾಡಿ ನಿಲ್ಲಿಸುತ್ತಿದ್ದ ಜಾಗ. ಅಲ್ಲಿ ಹಾದು ಹೋಗುವಾಗ ಈಗಲೂ ಯಾರೂ ಮಾತಾಡುವುದಿಲ್ಲ. ಕಡಿದ ಗುಡ್ಡದ ಕೆಳಗೆ ಫೋಟೋಕ್ಕೆ ಅಂತ ನಿಲ್ಲಿಸಬೇಡಿ, ಅಷ್ಟೇ.

ಗೋಕರ್ಣಕ್ಕೆ ಹೋಗುವುದಿದ್ದರೆ ಹೆದ್ದಾರಿಯಲ್ಲಿ ಸುತ್ತಿ ಹೋಗಬೇಡಿ. ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ತದಡಿಗೆ ದೋಣಿಯಲ್ಲಿ ಬೈಕ್ ಸಮೇತ ದಾಟಿ. ಹೊಳೆ ಕಡಲು ಸೇರುವ ಜಾಗ. ಇಳಿತದ ಹೊತ್ತಿಗೆ ಹೋದರೆ ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುವುದು ಕಾಣುತ್ತದೆ. ಆ ಹತ್ತು ನಿಮಿಷಕ್ಕೆ ನಿಮ್ಮ ಇಡೀ ಹೆದ್ದಾರಿ 66 ಸಮ ಅಲ್ಲ.

ಮತ್ತೆ, ಹೊನ್ನಾವರದಲ್ಲಿ ತೊಡೆದೇವು ಸಿಕ್ಕರೆ ಬಿಡಬೇಡಿ. ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲು, ಅಕ್ಕಿಹಿಟ್ಟು ತೆಳ್ಳಗೆ ಸವರಿ ಎತ್ತುತ್ತಾರೆ, ಕಾಗದದ ಹಾಗಿರುತ್ತದೆ. ಬೈಕಿನಲ್ಲಿ ಮನೆವರೆಗೆ ಪುಡಿಯಾಗದೆ ಹೋದರೆ ನಿಮ್ಮ ಓಡಿಸುವಿಕೆಗೆ ನೂರಕ್ಕೆ ನೂರು ಅಂಕ.

---

14 ನಂಬರ್ ಸ್ಪ್ಯಾನರ್

ಗ್ಯಾರೇಜ್ ಇಟ್ಟುಕೊಂಡಿದ್ದೇನೆ, ಅದಕ್ಕೆ ಗಾಡಿ ವಿಷಯ ಮಾತ್ರ.

ಸರ್ವೀಸ್ ಮಾಡಿಸುವುದಿದ್ದರೆ ಹೊರಡುವ ಒಂದು ವಾರ ಮೊದಲು ಮಾಡಿಸಿ, ಹಿಂದಿನ ದಿನ ಬೇಡ. ಮಾಡಿಸಿ 100 ಕಿ.ಮೀ. ಊರಲ್ಲೇ ಓಡಿಸಿ. ಬಿಚ್ಚಿ ಹಾಕಿದ ಗಾಡಿ ಏನಾದರೂ ತಕರಾರು ಎತ್ತಿದರೆ ಮನೆ ಹತ್ತಿರ ಎತ್ತಲಿ. ನಿಮ್ಮ ಕ್ಲಾಸಿಕ್‌ಗೆ ಸ್ಪೋಕ್ ವೀಲ್, ಟ್ಯೂಬ್ ಟೈರ್. ಘಾಟಿ ಮಧ್ಯೆ ಪಂಚರ್ ಆದರೆ ಟ್ಯೂಬ್‌ಲೆಸ್ ಥರ ಹೊರಗಿನಿಂದ ಹುರಿ ಚುಚ್ಚಿ ಹೋಗಲು ಬರುವುದಿಲ್ಲ, ಚಕ್ರ ಬಿಚ್ಚಲೇಬೇಕು. ಹಿಂದಕ್ಕೊಂದು ಮುಂದಕ್ಕೊಂದು ಹೊಸ ಟ್ಯೂಬ್, ಆಕ್ಸಲ್ ನಟ್ ಬಿಚ್ಚುವ ಸ್ಪ್ಯಾನರ್, ಕೈ ಪಂಪು ಇಟ್ಟುಕೊಳ್ಳಿ. ಬಿಚ್ಚಲು ಬರದಿದ್ದರೂ ಟ್ಯೂಬ್ ನಿಮ್ಮ ಹತ್ತಿರ ಇದ್ದರೆ ಹಳ್ಳಿ ಪಂಚರ್ ಅಂಗಡಿಯವನು ಹಾಕಿಕೊಡುತ್ತಾನೆ, ಆ ಸೈಜು ಅವನ ಹತ್ತಿರ ಇರುವುದಿಲ್ಲ.

ಚೈನ್. ಇಬ್ಬರು ಕೂತು, ಲಗೇಜ್ ಹಾಕಿದಾಗ ಹಿಂದಿನ ಶಾಕ್ ಇಳಿಯುತ್ತದೆ, ಚೈನ್ ಬಿಗಿಯಾಗುತ್ತದೆ. ಸಿಂಗಲ್ ಓಡಿಸುವವರಿಗೆ ಹೊಂದಿಸಿದ ಚೈನ್ ಡಬಲ್‌ಗೆ ಆಗಲ್ಲ. ಭಾರ ಹಾಕಿ ಕೂರಿಸಿ ನೋಡಿ ಹೊಂದಿಸಲು ಹೇಳಿ. ಮಳೆಯಲ್ಲಿ ಓಡಿಸಿದ ದಿನ ಸಂಜೆ ಚೈನ್‌ಗೆ ಲ್ಯೂಬ್. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬದಲಾಯಿಸಿ, ಊರಿನಲ್ಲಿ ಎರಡು ತಿಂಗಳು ಬರುವ ಪ್ಯಾಡು ಘಾಟಿಯಲ್ಲಿ ಎರಡು ದಿನಕ್ಕೆ ಕೈ ಕೊಡುತ್ತದೆ.

ಪೆಟ್ರೋಲ್ ಹೊನ್ನಾವರದಲ್ಲೇ ತುಂಬಿಸಿ ಹತ್ತಿ. ಟೋಲ್ ಚಿಂತೆ ಇಲ್ಲ, ಬೈಕಿಗೆ ಟೋಲ್ ಇಲ್ಲ.

---

ಕಳಸದ ಮಂಜು

ಎಲ್ಲರೂ ಆಗುಂಬೆ ಆಗುಂಬೆ ಅಂತೀರಿ. ಕಳಸ, ಕುದುರೆಮುಖ, ಕಾರ್ಕಳ ದಾರಿಯಲ್ಲಿ ಒಮ್ಮೆ ಇಳಿದು ನೋಡಿ, ಆಮೇಲೆ ಹೇಳಿ. ಹುಲ್ಲುಗಾವಲು, ಶೋಲಾ ಕಾಡು, ತಿರುವೂ ಅಷ್ಟು ಕಡಿದಲ್ಲ, ಹೊಸಬನಿಗೆ ಇದೇ ಸುಲಭ. ಗಣಿ 2005ರ ಕೊನೆಗೆ ನಿಂತ ಮೇಲೆ ಕುದುರೆಮುಖ ಟೌನ್‌ಶಿಪ್ ಪಾಳು ಬಿದ್ದಿದೆ, ಖಾಲಿ ಕ್ವಾರ್ಟರ್ಸ್ ಮೇಲೆ ಮಂಜು ಕೂತಿರುವುದು ನೋಡಿದರೆ ಒಂಥರಾ ಆಗುತ್ತದೆ. ಕೆಳಗೆ ಇಳಿದರೆ ಕಾರ್ಕಳದಲ್ಲಿ 42 ಅಡಿಯ ಗೊಮ್ಮಟ, 1432ರದ್ದು.

ಒಂದೇ ಷರತ್ತು. ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆ ಗೇಟಿನಲ್ಲಿ ಸಮಯ ಬರೆದು ಚೀಟಿ ಕೊಡುತ್ತಾರೆ. ನಡುವೆ ಕಂಡಕಂಡಲ್ಲಿ ನಿಲ್ಲುವ ಹಾಗಿಲ್ಲ, ಆಚೆ ಕೊನೆಯ ಗೇಟಿಗೆ ಬೇಗ ಹೋದರೂ ಪ್ರಶ್ನೆ, ತಡವಾದರೂ ಪ್ರಶ್ನೆ.

---

ಹಳೇ ಯೆಜ್ಡಿ

@ಕಳಸದ ಮಂಜು, ದಾರಿ ಚೆಂದ ಒಪ್ಪುತ್ತೇನೆ. ಆದರೆ ಹೊಸ ಹುಡುಗನಿಗೆ ಬೇಕಾದಾಗ ನಿಲ್ಲುವ ಸ್ವಾತಂತ್ರ್ಯ ಇರಬೇಕು. ಕೈ ನಡುಗಿದರೆ ಬದಿಗೆ ಹಾಕಿ ನೀರು ಕುಡಿಯಬೇಕು. ಗಡಿಯಾರ ನೋಡಿಕೊಂಡು ಘಾಟಿ ಇಳಿಸುವುದು ಬೇಡ. ನನ್ನ ಓಟು ಆಗುಂಬೆಗೇ.

---

ಕ್ಲಾಸಿಕ್ ಗುಮಾಸ್ತ

ಎಲ್ಲರಿಗೂ ಧನ್ಯವಾದ. ಹೆಂಡತಿಗೆ ಇಡೀ ಚರ್ಚೆ ಓದಿ ಹೇಳಿದೆ. ಡಿಯೋ ಅಕ್ಕನ ಉತ್ತರ ಬಂದಾಗ ಫೋನ್ ಕಿತ್ತುಕೊಂಡು ಅವಳೇ ಎರಡು ಸಲ ಓದಿದಳು. ಕಾರವಾರ, ದಾಂಡೇಲಿ ಎರಡನ್ನೂ ಕೈಬಿಟ್ಟೆವು. ಯೆಜ್ಡಿ ಅಣ್ಣ ಹೇಳಿದ ದಾರಿಯೇ ಫೈನಲ್. ಬಂದು ಬರೆಯುತ್ತೇನೆ.

---

ಕ್ಲಾಸಿಕ್ ಗುಮಾಸ್ತ (ಮೂರು ವಾರದ ನಂತರ)

ಹೋಗಿ ಬಂದೆವು. ಒಟ್ಟು 1,070 ಕಿ.ಮೀ. ಆಯಿತು.

ಮೊದಲ ದಿನ ಹೇಳಿಕೊಳ್ಳುವಂಥದ್ದು ಏನಿಲ್ಲ, ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿ, ನಿದ್ದೆ ಬರುತ್ತದೆ. ಎರಡನೇ ದಿನ ಆಲ್ದೂರು ದಾಟಿದ ಮೇಲೆ ಮಂಜು, ಕಾಫಿ ಗಿಡಗಳ ಮೇಲೆಲ್ಲ ಜೇಡರ ಬಲೆ ಬೆಳ್ಳಗೆ ಹೊಳೆಯುತ್ತಿತ್ತು, 40ರ ಮೇಲೆ ಓಡಿಸಲು ಮನಸ್ಸೇ ಬರಲಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹಾಗಾಗಿ ಆಗುಂಬೆ ಇಳಿಯಲು ಶುರು ಮಾಡಿದಾಗ ಎರಡು ಗಂಟೆ. ಅಕ್ಕ ಹೇಳಿದ ಗುಡುಗು ಅಷ್ಟರಲ್ಲೇ ಪಶ್ಚಿಮದಲ್ಲಿ ಕೇಳಿಸುತ್ತಿತ್ತು.

ಭಾಮೈದನನ್ನು ಮುಂದೆ ಬಿಟ್ಟೆ. ಹಿಂದಿನಿಂದ ನೋಡುತ್ತಾ ಬರುವುದು ಒಳ್ಳೆಯದು, ಅವನ ಬ್ರೇಕ್ ಲೈಟ್ ಹೊತ್ತಿದ್ದು ಎಲ್ಲಿ, ಆರಿದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಮೊದಲ ಎರಡು ತಿರುವಿಗೆ ತಿರುವಿನ ಒಳಗೂ ಲೈಟ್ ಹೊತ್ತಿಯೇ ಇತ್ತು. ನಿಲ್ಲಿಸಿ ಹೇಳಿದೆ. ಆಮೇಲೆ ಸರಿಯಾಯಿತು. ಐದನೆಯದರಲ್ಲೋ ಆರನೆಯದರಲ್ಲೋ ಕೆಳಗಿನಿಂದ ಮಿನಿ ಬಸ್ಸಿನ ಹಾರ್ನ್ ಕೇಳಿಸಿತು, ಹುಡುಗ ತಾನೇ ಎಡಕ್ಕೆ ಹಾಕಿ ಕಾಲೂರಿ ನಿಂತ. ಡ್ರೈವರ್ ಹೋಗುವಾಗ ಅವನಿಗೆ ಕೈ ಎತ್ತಿ ಹೋದರು. ಸೋಮೇಶ್ವರದಲ್ಲಿ ಚಾ ಕುಡಿಯುವಾಗಲೂ ಅದೇ ಮಾತು, "ಭಾವ, ಡ್ರೈವರ್ ನನಗೆ ಕೈ ಎತ್ತಿದರು."

ತಪ್ಪು ಆದದ್ದು ನನ್ನ ಕಡೆಯಿಂದ. ಸ್ಪ್ಯಾನರ್ ಅಣ್ಣ ಒಂದು ವಾರ ಮೊದಲು ಸರ್ವೀಸ್ ಅಂದಿದ್ದರು, ನಾನು ಆಫೀಸಿನ ಗಡಿಬಿಡಿಯಲ್ಲಿ ಹಿಂದಿನ ಸಂಜೆ ಮನೆ ಹತ್ತಿರದ ಗ್ಯಾರೇಜಿಗೆ ಕೊಟ್ಟೆ. ಚೈನ್ ವೀಣೆಯ ತಂತಿಯ ಹಾಗೆ ಬಿಗಿ ಮಾಡಿ ಕೊಟ್ಟಿದ್ದರು. ಚಿಕ್ಕಮಗಳೂರಿನಲ್ಲೇ ಗರಗರ ಸದ್ದು ಬರುತ್ತಿತ್ತು, ನಾನು ರಸ್ತೆ ಸದ್ದು ಅಂದುಕೊಂಡೆ. ಉಡುಪಿಯಲ್ಲಿ ಒಬ್ಬರು ಮೆಕ್ಯಾನಿಕ್ ಹೆಂಡತಿಯನ್ನೂ ನನ್ನನ್ನೂ ಗಾಡಿ ಮೇಲೆ ಕೂರಿಸಿ, ಚೈನ್ ಎತ್ತಿ ತೋರಿಸಿ, ಇನ್ನೂ ನೂರು ಕಿ.ಮೀ. ಹೋಗಿದ್ದರೆ ಸ್ಪ್ರಾಕೆಟ್ ಹಲ್ಲು ತಿಂದಿರುತ್ತಿತ್ತು ಅಂದರು. ಸಡಿಲ ಮಾಡಿ ಕೊಟ್ಟು ಕಾಸು ತೆಗೆದುಕೊಳ್ಳಲಿಲ್ಲ.

ಮಟ್ಟು ರಸ್ತೆ ಬಗ್ಗೆ ಕುಂದಾಪ್ರದವರು ಹೇಳಿದ್ದು ಕಡಿಮೆಯೇ ಆಯಿತು. ಅಲ್ಲಿ ಒಂದು ಮನೆ ಮುಂದೆ ಅಜ್ಜಿಯೊಬ್ಬರು ಬದನೆ ಮಾರುತ್ತಿದ್ದರು, ಮಟ್ಟು ಗುಳ್ಳ, ದುಂಡಗೆ ಹಸಿರು. ಹೆಂಡತಿ ಎರಡು ಕೆಜಿ ತೆಗೆದುಕೊಂಡಳು. ಮೂರು ದಿನ ಅದು ನನ್ನ ಸ್ಯಾಡಲ್ ಬ್ಯಾಗಿನಲ್ಲಿ ಊರೂರು ಸುತ್ತಿತು.

ಬೆಂಗ್ರೆ ನೋಡಿ ಬಂದ ದಾರಿಯಲ್ಲೇ ವಾಪಸ್ಸು ಬಂದೆವು. ಘೀ ರೋಸ್ಟ್ ತಿಂದಿದ್ದೇವೆ, ಮುಂದಿನ ಸಲ ಉತ್ತರ ಕೊಡಿ. ಮುರುಡೇಶ್ವರದಲ್ಲಿ 20 ಅಂತಸ್ತಿನ ಗೋಪುರಕ್ಕೆ ಲಿಫ್ಟಿನಲ್ಲಿ ಹೋಗುವ ಸಾಲು ನೋಡಿ ಕೆಳಗಿನಿಂದಲೇ ಕೈ ಮುಗಿದೆವು. ಗೋಕರ್ಣಕ್ಕೆ ಅಕ್ಕ ಹೇಳಿದ ಹಾಗೆ ದೋಣಿಯಲ್ಲೇ ದಾಟಿದೆವು. ಮೂರು ಜನ, ಎರಡು ಬೈಕು, ಒಂದು ಬುಟ್ಟಿ ಮೀನು, ಶಾಲೆಗೆ ಹೊರಟ ಇಬ್ಬರು ಮಕ್ಕಳು. ಹೆಂಡತಿ ಇಡೀ ಪ್ರವಾಸದಲ್ಲಿ ವೀಡಿಯೊ ಮಾಡಿದ್ದು ಅದೊಂದನ್ನೇ.

ಗೇರುಸೊಪ್ಪೆ ಹತ್ತುವ ದಾರಿ ಅಷ್ಟು ತಂಪಿರುತ್ತದೆ ಅಂತ ಗೊತ್ತಿರಲಿಲ್ಲ. ಕೆಳಗೆ ಹೊನ್ನಾವರದಲ್ಲಿ ಅಂಗಿ ಮೈಗೆ ಅಂಟುವ ಸೆಕೆ, ಅರ್ಧ ಗಂಟೆ ಹತ್ತಿದರೆ ಜಾಕೆಟ್ ಜಿಪ್ ಏರಿಸಬೇಕು. ಒಂದು ತಿರುವಿನಲ್ಲಿ ಮರದ ಮೇಲೆ ಸಿಂಗಳೀಕ ಕಂಡಿತು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲು, ನಮ್ಮನ್ನು ಕಂಡು ಏನೂ ಕೇಳದೆ ಒಳಗೆ ಹೋಯಿತು. ಆಗುಂಬೆ ಮಂಗಗಳ ಹಾಗಲ್ಲ. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಇದ್ದವು, ತುಂಬಿ ಅಲ್ಲ, ಆದರೆ ನಾಲ್ಕನ್ನೂ ಬೇರೆ ಬೇರೆ ಎಣಿಸುವ ಹಾಗೆ. ನನಗೆ ಅದೇ ಇಷ್ಟ ಆಯಿತು.

ಐದನೇ ದಿನ ಸಾಗರದಿಂದ ಬಿ.ಹೆಚ್. ರಸ್ತೆ. ಶಿವಮೊಗ್ಗ, ಭದ್ರಾವತಿ, ತಿಪಟೂರು, ಪ್ರತಿ ಊರಲ್ಲೂ ಬೋರ್ಡು ಕಂಡಾಗ ಭಾಮೈದ ಹಾರ್ನ್ ಮಾಡುತ್ತಿದ್ದ. ಹೆಂಡತಿಯ ಬೆನ್ನು ಪರವಾಗಿಲ್ಲ, ನನ್ನದೇ ಹಿಡಿದುಕೊಂಡಿದೆ. ತೊಡೆದೇವು ಪುಡಿಯಾಯಿತು, ಹಾಲಿಗೆ ಹಾಕಿಕೊಂಡು ತಿಂದೆವು.

---

ಪಲ್ಸರ್ ಭಾಮೈದ

ಹೊಸ ಖಾತೆ, ಇದೊಂದು ಬರೆಯುವುದಕ್ಕೇ ತೆರೆದದ್ದು. ಭಾವ ಎಲ್ಲ ಬರೆದಿದ್ದಾರೆ, ಒಂದು ಬಿಟ್ಟಿದ್ದಾರೆ. ಕೋಡಿ ಬೆಂಗ್ರೆಯಲ್ಲಿ ರಸ್ತೆ ಮುಗಿಯುವ ಕಡೆ ಮರಳಿನ ಮೇಲೆ ಸ್ಟ್ಯಾಂಡ್ ಹಾಕಲು ಹೋಗಿ ನಿಂತ ಗಾಡಿಯಲ್ಲೇ ಬಿದ್ದವರು ನಾನಲ್ಲ. ಅಕ್ಕ ಮೊದಲೇ ಇಳಿದಿದ್ದಳು, ಅದಕ್ಕೆ ಏನೂ ಆಗಲಿಲ್ಲ. ಮೂರು ಜನ ಮೀನುಗಾರರು ಬಂದು ಎತ್ತಿಕೊಟ್ಟರು. ಗುಳ್ಳ ಇದ್ದದ್ದು ಆ ಬದಿಯ ಬ್ಯಾಗಿನಲ್ಲೇ. ಹೊನ್ನಾವರದವರೆಗೆ ಅಕ್ಕ ಮಾತಾಡಲಿಲ್ಲ.

@14 ನಂಬರ್ ಸ್ಪ್ಯಾನರ್ ಅಣ್ಣ, ಕ್ಲಾಸಿಕ್‌ನ ಎಡಗಡೆ ಕ್ಲಚ್ ಲಿವರ್ ಬಗ್ಗಿದೆ. ಬಡಿದು ನೆಟ್ಟಗೆ ಮಾಡಬಹುದಾ, ಹೊಸದೇ ಹಾಕಬೇಕಾ? ಭಾವ ಕೇಳಲು ನಾಚಿಕೊಳ್ಳುತ್ತಿದ್ದಾರೆ.

---

14 ನಂಬರ್ ಸ್ಪ್ಯಾನರ್

ಹೊಸದೇ ಹಾಕಿ. ಬಡಿದರೆ ಮುರಿಯುತ್ತದೆ.